ಟೋಲ್ ತಪ್ಪಿಸಿ ಆಫೀಸಿಗೆ: ಹೊರವಲಯದಿಂದ ದಿನಾ ನಗರಕ್ಕೆ ಓಡಾಡುವವರಿಗೆ ಸಮಗ್ರ ಮಾರ್ಗದರ್ಶಿ

ನಗರದ ಹೊರವಲಯಕ್ಕೆ ಮನೆ ಬದಲಿಸಿದ ಮೊದಲ ತಿಂಗಳು ನಾನು ಒಂದು ಸಲವೂ ಟೋಲ್ ಕಟ್ಟಲಿಲ್ಲ. ಗೇಟಿಗೆ ಎರಡು ಕಿಲೋಮೀಟರ್ ಇರುವಾಗಲೇ ಹೆದ್ದಾರಿಯಿಂದ ಇಳಿದು, ಒಂದು ಹಳ್ಳಿಯೊಳಗೆ ನುಗ್ಗಿ, ಹನ್ನೊಂದು ಹಂಪ್ ಹಾರಿ, ಗೇಟು ದಾಟಿದ ಮೇಲೆ ಮತ್ತೆ ಹತ್ತುತ್ತಿದ್ದೆ. ಗೇಟಿನಲ್ಲಿ ಸಾಲುಗಟ್ಟಿ ನಿಂತವರನ್ನು ನೆನೆದು ಒಳಗೊಳಗೇ ಹೆಮ್ಮೆ. ತಿಂಗಳ ಕೊನೆಗೆ ಪೆಟ್ರೋಲ್ ಚೀಟಿಗಳನ್ನೆಲ್ಲ ಕೂಡಿಸಿ ನೋಡಿದೆ. ಉಳಿದದ್ದು ಇತ್ತು, ಆದರೆ ಹೇಳಿಕೊಳ್ಳುವಷ್ಟಲ್ಲ. ಆರೇ ತಿಂಗಳಿಗೆ ಕ್ಲಚ್ ಪ್ಲೇಟ್ ಬದಲಿಸಬೇಕಾಗಿ ಬಂದಾಗ ಅದೂ ಹೋಯಿತು. ಮೂಗಿಗಿಂತ ಮೂಗುತಿ ಭಾರ.

ಹಾಗಂತ ಟೋಲ್ ತಪ್ಪಿಸುವುದೇ ದಡ್ಡತನ ಅನ್ನುತ್ತಿಲ್ಲ. ಈಗಲೂ ವಾರದ ಅರ್ಧಕ್ಕಿಂತ ಹೆಚ್ಚು ಓಡಾಟ ನಾನು ಟೋಲ್ ಇಲ್ಲದೆಯೇ ಮಾಡುತ್ತೇನೆ. ಆಗ ದಾರಿ ಹುಡುಕಿಕೊಂಡು ಆಮೇಲೆ ಲೆಕ್ಕ ಹಾಕಿದ್ದೆ, ಈಗ ಲೆಕ್ಕ ಹಾಕಿ ದಾರಿ ಹಿಡಿಯುತ್ತೇನೆ. ಟೋಲ್ ರಸ್ತೆಯ ದರ ಬೋರ್ಡಿನ ಮೇಲೆ ಬರೆದಿರುತ್ತದೆ. ಪುಕ್ಕಟೆ ರಸ್ತೆಗೆ ಬೋರ್ಡು ಇಲ್ಲ, ಆದರೆ ದರ ಇದೆ. ಆ ದರ ಎಷ್ಟೆಂದು ಕಂಡುಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಹಂತ 1: ನಿಮ್ಮ ಟೋಲ್ ಯಾವ ಬಗೆಯದು?

ಎಲ್ಲ ಟೋಲೂ ಒಂದೇ ಅಲ್ಲ. ಬಗೆ ಬದಲಾದರೆ ತಪ್ಪಿಸುವ ಉಪಾಯವೂ ಬದಲಾಗುತ್ತದೆ. ಇದನ್ನು ತಿಳಿಯದೆ ಹೊರಟರೆ ಗೇಟಿನ ಉಪಾಯವನ್ನು ಕ್ಯಾಮೆರಾ ಇರುವ ಕಡೆ ಬಳಸಿ ದಂಡ ಕಟ್ಟುತ್ತೀರಿ.

ಮೊದಲನೆಯದು ಒಂದೇ ಗೇಟಿನ ಟೋಲ್. ಗೇಟು ದಾಟಿದರೆ ಪೂರ್ತಿ ಶುಲ್ಕ. ನೀವು ಆ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋದಿರೋ ಐವತ್ತು ಹೋದಿರೋ ಕೇಳುವವರಿಲ್ಲ. ಒಳದಾರಿಯಿಂದ ಹೆಚ್ಚು ಲಾಭ ಸಿಗುವುದು ಇಲ್ಲೇ. ಗೇಟಿನ ಆಚೀಚೆ ಮೂರ್ನಾಲ್ಕು ಕಿಲೋಮೀಟರ್ ಮಾತ್ರ ಬಿಟ್ಟು, ಉಳಿದ ಹೆದ್ದಾರಿಯನ್ನು ಹಾಗೇ ಬಳಸಬಹುದು.

ಎರಡನೆಯದು ದೂರಕ್ಕೆ ತಕ್ಕ ಟೋಲ್. ಹತ್ತಿದ ಜಾಗ, ಇಳಿದ ಜಾಗ ನೋಡಿ ಶುಲ್ಕ ಹಾಕುತ್ತಾರೆ. ಕೆನಡಾದ ಟೊರೊಂಟೊ ಬಳಿ 1997ರಲ್ಲಿ ತೆರೆದ ಹೆದ್ದಾರಿ 407ರಲ್ಲಿ ಶುರುವಿನಿಂದಲೂ ಬೂತುಗಳೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಬಿಲ್ಲು ಮನೆಗೆ ಬರುತ್ತದೆ. ಇಂಥ ಕಡೆ ಪೂರ್ತಿ ಬಿಡುವುದಕ್ಕಿಂತ ತುಂಡು ಬಳಸುವುದು ಜಾಣತನ. ಪುಕ್ಕಟೆ ರಸ್ತೆ ಎಲ್ಲಿ ತೀರಾ ಕೆಟ್ಟದಾಗಿ ಸಿಕ್ಕಿಹಾಕಿಕೊಳ್ಳುತ್ತದೋ ಆ ಎರಡು ಮೂರು ನಿರ್ಗಮನಗಳ ನಡುವೆ ಮಾತ್ರ ಟೋಲ್ ರಸ್ತೆ ಹತ್ತಿ ಇಳಿಯಿರಿ.

ಮೂರನೆಯದು ವಲಯ ಶುಲ್ಕ. ನಗರದ ನಡುಭಾಗಕ್ಕೆ ಕಾಲಿಟ್ಟರೆ ಕಟ್ಟಬೇಕು. ಸಿಂಗಪುರ 1975ರಲ್ಲಿ ಕಾಗದದ ಪರವಾನಗಿ ಚೀಟಿಯಿಂದ ಇದನ್ನು ಶುರುಮಾಡಿ 1998ರಲ್ಲಿ ವಿದ್ಯುನ್ಮಾನ ಪದ್ಧತಿಗೆ ಬದಲಾಯಿತು. ಲಂಡನ್ 2003ರ ಫೆಬ್ರವರಿಯಲ್ಲಿ ತಂದಿತು. ಸ್ಟಾಕ್‌ಹೋಮ್ 2006ರಲ್ಲಿ ಏಳು ತಿಂಗಳು ಪ್ರಯೋಗ ಮಾಡಿ, ಗಡಿ ದಾಟುವ ವಾಹನಗಳು ಐದರಲ್ಲಿ ಒಂದು ಪಾಲು ಇಳಿದದ್ದನ್ನು ಕಂಡು 2007ರಲ್ಲಿ ಕಾಯಂ ಮಾಡಿತು. ನ್ಯೂಯಾರ್ಕಿನಲ್ಲಿ ಮ್ಯಾನ್‌ಹಟನ್ನಿನ 60ನೇ ಬೀದಿಯಿಂದ ಕೆಳಗಿನ ಭಾಗಕ್ಕೆ 2025ರ ಜನವರಿಯಲ್ಲಿ ಬಂತು. ಇಲ್ಲಿ ಒಳದಾರಿ ಹುಡುಕಿ ಪ್ರಯೋಜನವಿಲ್ಲ, ಗಡಿ ಎಲ್ಲ ಬೀದಿಗಳನ್ನೂ ಅಡ್ಡ ಹಾಯುತ್ತದೆ. ಗಡಿಯ ಹೊರಗೆ ಗಾಡಿ ನಿಲ್ಲಿಸುವುದು, ಇಲ್ಲವೇ ಹೊತ್ತು ಬದಲಿಸುವುದು, ಎರಡೇ ದಾರಿ. ಆದರೆ ಗಡಿಯಂಚಿನ ರಸ್ತೆಗಳ ನಿಯಮ ಓದಿಕೊಳ್ಳಿ. ನ್ಯೂಯಾರ್ಕಿನಲ್ಲಿ ವಲಯದ ಅಂಚಿಗೆ ಹೋಗುವ ಎರಡು ದೊಡ್ಡ ರಸ್ತೆಗಳಲ್ಲಿ ಒಳಗಿನ ಬೀದಿಗೆ ಇಳಿಯದೆ ಹಾದುಹೋದರೆ ಶುಲ್ಕವಿಲ್ಲ.

ನಾಲ್ಕನೆಯದು ಎಕ್ಸ್‌ಪ್ರೆಸ್ ಲೇನ್. ಅದೇ ರಸ್ತೆಯಲ್ಲಿ ಒಂದೆರಡು ಲೇನ್‌ಗೆ ಮಾತ್ರ ಕಾಸು. ಕ್ಯಾಲಿಫೋರ್ನಿಯಾದ 91ನೇ ರಾಜ್ಯ ಹೆದ್ದಾರಿಯಲ್ಲಿ 1995ರಲ್ಲಿ ಶುರುವಾದಾಗಿನಿಂದ ಹೊತ್ತಿಗೆ ತಕ್ಕಂತೆ ದರ ಏರಿಳಿಯುತ್ತದೆ. ತಪ್ಪಿಸಲು ಏನೂ ಮಾಡಬೇಕಿಲ್ಲ, ಪಕ್ಕದ ಲೇನಿನಲ್ಲಿ ಸುಮ್ಮನೆ ಇದ್ದರಾಯಿತು. ಯಾವ ದಿನ ಕಟ್ಟುವುದು ಲಾಭ ಎಂಬುದಷ್ಟೇ ಪ್ರಶ್ನೆ.

ಇವುಗಳ ಜೊತೆಗೆ ದಿಕ್ಕು ನೋಡುವುದನ್ನು ಮರೆಯಬೇಡಿ. ಕೆಲವು ಸೇತುವೆಗಳಲ್ಲಿ ಹೋಗುವಾಗ ಮಾತ್ರ ಟೋಲ್, ಬರುವಾಗ ಇಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯಲ್ಲಿ 1968ರಿಂದ ನಗರದೊಳಗೆ ಬರುವವರಿಂದ ಮಾತ್ರ ವಸೂಲಿ. ನ್ಯೂಯಾರ್ಕಿನ ವೆರಜಾನೊ ಸೇತುವೆಯಲ್ಲಿ 1986ರಿಂದ 2020ರವರೆಗೆ ಒಂದೇ ದಿಕ್ಕಿಗೆ ಟೋಲ್ ಇತ್ತು. ಕಾಸು ಕೇಳುವ ದಿಕ್ಕಿಗೆ ಬೇರೆ ದಾರಿ, ಕೇಳದ ದಿಕ್ಕಿಗೆ ಈ ಸೇತುವೆ ಎಂದು ಲಾರಿಯವರು ಸುತ್ತು ಹಾಕಿಕೊಂಡಿದ್ದರು. ನಿಮ್ಮ ದಾರಿಯಲ್ಲೂ ಹೀಗಿದ್ದರೆ ಹೋಗುವ ದಾರಿ, ಬರುವ ದಾರಿ ಎರಡನ್ನೂ ಬೇರೆ ಬೇರೆಯಾಗಿಯೇ ತೀರ್ಮಾನಿಸಿ. ಹೋದ ದಾರಿಯಲ್ಲೇ ವಾಪಸು ಬರಬೇಕೆಂಬ ಕಾನೂನೇನೂ ಇಲ್ಲ.

ಹಂತ 2: ಎರಡು ವಾರ ಬರೆದಿಡಿ

ಇದನ್ನು ಹತ್ತರಲ್ಲಿ ಒಂಬತ್ತು ಜನ ಬಿಟ್ಟುಬಿಡುತ್ತಾರೆ, ಆಮೇಲೆ ವರ್ಷಗಟ್ಟಲೆ ಊಹೆಯ ಮೇಲೆ ಗಾಡಿ ಓಡಿಸುತ್ತಾರೆ. ಒಂದು ಚಿಕ್ಕ ಪುಸ್ತಕ ಗಾಡಿಯಲ್ಲಿಡಿ. ಮೊದಲ ವಾರ ಟೋಲ್ ದಾರಿ, ಎರಡನೇ ವಾರ ಪುಕ್ಕಟೆ ದಾರಿ. ಪ್ರತಿ ಸಲ ನಾಲ್ಕೇ ಅಂಕಿ ಬರೆಯಿರಿ: ಮನೆಯ ಬಾಗಿಲು ಹಾಕಿದ ಹೊತ್ತು, ಕುರ್ಚಿಯಲ್ಲಿ ಕೂತ ಹೊತ್ತು, ಓಡೋಮೀಟರಿನ ಕಿಲೋಮೀಟರ್, ಕಟ್ಟಿದ ಟೋಲ್.

ಬಾಗಿಲಿನಿಂದ ಕುರ್ಚಿಯವರೆಗೆ ಎಂದು ಬೇಕೆಂದೇ ಹೇಳಿದೆ. ಗೇಟಿನಿಂದ ಗೇಟಿಗೆ ಅಳೆದರೆ ಪಾರ್ಕಿಂಗ್ ಹುಡುಕಿದ ಹತ್ತು ನಿಮಿಷ, ಲಿಫ್ಟಿಗೆ ಕಾದ ನಾಲ್ಕು ನಿಮಿಷ ಲೆಕ್ಕದಿಂದ ಜಾರಿಹೋಗುತ್ತವೆ. ಒಂದು ದಾರಿ ಹತ್ತು ನಿಮಿಷ ತಡವಾಗಿ ಮುಟ್ಟಿಸಿ, ಅಷ್ಟರಲ್ಲಿ ಪಾರ್ಕಿಂಗ್ ತುಂಬಿಹೋಗಿದ್ದರೆ, ಆ ಕಾಯುವಿಕೆಯೂ ಅದೇ ದಾರಿಯ ಖರ್ಚು.

ಇಂಧನವನ್ನು ಅಂದಾಜಿನಲ್ಲಿ ಬರೆಯಬೇಡಿ. ವಾರದ ಶುರುವಿಗೆ ಟ್ಯಾಂಕ್ ಫುಲ್ ಮಾಡಿಸಿ, ವಾರದ ಕೊನೆಗೆ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ. ಎರಡನೇ ಸಲ ಎಷ್ಟು ಲೀಟರ್ ಹಿಡಿಯಿತೋ ಅದೇ ಆ ವಾರದ ಖರ್ಚು. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನಾನು ನಂಬುವುದಿಲ್ಲ, ಅದು ಸಾಮಾನ್ಯವಾಗಿ ಗಾಡಿಯ ಪರವಾಗಿಯೇ ಮಾತಾಡುತ್ತದೆ.

ಐದು ದಿನಗಳ ಸರಾಸರಿಯನ್ನು ಮಾತ್ರ ನೋಡಿ ಸುಮ್ಮನಾಗಬೇಡಿ. ಅತಿ ಕೆಟ್ಟ ದಿನವನ್ನು ಬೇರೆಯಾಗಿ ಗುರುತು ಹಾಕಿ. ಸರಾಸರಿ 50 ನಿಮಿಷ ಇದ್ದು ಒಂದು ದಿನ 90 ನಿಮಿಷ ಹಿಡಿದರೆ, ಮುಖ್ಯವಾದ ಮೀಟಿಂಗ್ ಇರುವ ದಿನ ನೀವು ಹೊರಡಬೇಕಾದ್ದು 90ರ ಲೆಕ್ಕದಲ್ಲೇ. ಪುಕ್ಕಟೆ ದಾರಿಗಳ ದೊಡ್ಡ ದೋಷ ನಿಧಾನವಲ್ಲ, ಅನಿಶ್ಚಿತತೆ.

ಹಂತ 3: ಟೋಲನ್ನು ಲೀಟರಿಗೆ ಇಳಿಸಿ

ದುಡ್ಡಿನಲ್ಲಿ ಯೋಚಿಸಿದರೆ ತಲೆ ಕೆಡುತ್ತದೆ, ದರಗಳು ಬೇರೆ ಬದಲಾಗುತ್ತಲೇ ಇರುತ್ತವೆ. ನಾನು ಮಾಡುವುದು ಹೀಗೆ: ಒಂದು ಸಲದ ಟೋಲಿಗೆ ಎಷ್ಟು ಲೀಟರ್ ಇಂಧನ ಬರುತ್ತದೆ ಎಂದು ನೋಡುತ್ತೇನೆ. ಅಲ್ಲಿಂದಾಚೆಗೆ ಎಲ್ಲವೂ ಲೀಟರಿನಲ್ಲೇ.

ಒಂದು ಉದಾಹರಣೆ. ಟೋಲ್ ದಾರಿ 28 ಕಿಲೋಮೀಟರ್, 35 ನಿಮಿಷ. ಒಂದೇ ವೇಗದ ಓಟವಾದ್ದರಿಂದ ಗಾಡಿ ಲೀಟರಿಗೆ 18 ಕೊಡುತ್ತದೆ. ಖರ್ಚು ಸುಮಾರು 1.56 ಲೀಟರ್. ಪುಕ್ಕಟೆ ದಾರಿ 34 ಕಿಲೋಮೀಟರ್, 55 ನಿಮಿಷ. ನಿಂತು ಹೊರಡುವ ಓಟದಲ್ಲಿ ಮೈಲೇಜ್ 14ಕ್ಕೆ ಇಳಿಯುತ್ತದೆ. ಖರ್ಚು 2.43 ಲೀಟರ್. ಅಂದರೆ ಪುಕ್ಕಟೆ ದಾರಿ 0.87 ಲೀಟರ್ ಹೆಚ್ಚು ಕುಡಿಯಿತು.

ಈಗ ಟೋಲ್ ಒಂದು ಲೀಟರಿನ ಬೆಲೆಯಷ್ಟಿದೆ ಎಂದುಕೊಳ್ಳಿ. ಉಳಿಯುವುದು 0.13 ಲೀಟರ್. ತಿಂಗಳಿಗೆ 22 ಕೆಲಸದ ದಿನ, ಹೋಗಿ ಬರುವುದು ಸೇರಿ 44 ಓಟ. ಉಳಿತಾಯ ಆರು ಲೀಟರಿಗೂ ಒಳಗೆ. ಕಳೆದುಕೊಂಡ ಹೊತ್ತು 880 ನಿಮಿಷ, ಅಂದರೆ 14 ಗಂಟೆ 40 ನಿಮಿಷ. ಒಂದು ಗಂಟೆ ಸ್ಟೀರಿಂಗ್ ಹಿಡಿದು ಕೂತದ್ದಕ್ಕೆ ಅರ್ಧ ಲೀಟರಿನ ಬೆಲೆಯೂ ಸಿಗಲಿಲ್ಲ. ಈ ಸಂಬಳಕ್ಕೆ ಬೇರೆ ಯಾರಾದರೂ ಕರೆದರೆ ನೀವು ಹೋಗುತ್ತಿದ್ದಿರಾ?

ಅದೇ ದಾರಿ, ಅದೇ ಗಾಡಿ. ಆದರೆ ಟೋಲ್ ಎರಡೂವರೆ ಲೀಟರಿನ ಬೆಲೆಯಷ್ಟಿದ್ದರೆ? ಒಂದು ಓಟಕ್ಕೆ 1.63 ಲೀಟರ್ ಉಳಿತಾಯ. ತಿಂಗಳಿಗೆ 71 ಲೀಟರಿಗೂ ಮೇಲೆ. ಗಂಟೆಗೆ ಹತ್ತಿರ ಹತ್ತಿರ ಐದು ಲೀಟರಿನ ಸಂಪಾದನೆ. ಇದು ಮಾತಾಡುವಂಥ ಮೊತ್ತ. ಟೋಲ್ ಬದಲಾದದ್ದು ಒಂದೂವರೆ ಲೀಟರಿನಷ್ಟು, ಆದರೆ ತೀರ್ಪು ಪೂರ್ತಿ ತಿರುಗಿಬಿತ್ತು. ಅದಕ್ಕೇ ಸಹೋದ್ಯೋಗಿ ಹೇಳಿದ ದಾರಿ, ಪಕ್ಕದ ಮನೆಯವರ ಅನುಭವ ಇವೆಲ್ಲ ನಿಮಗೆ ಕೆಲಸಕ್ಕೆ ಬರುವುದಿಲ್ಲ. ಅವರ ಗಾಡಿ ಬೇರೆ, ಹೊತ್ತು ಬೇರೆ, ಕಾಲು ಬೇರೆ.

ಈ ಗಂಟೆಗಿಷ್ಟು ಎಂಬ ಅಂಕಿಯನ್ನು ನಿಮ್ಮ ಒಂದು ಗಂಟೆಯ ಸಂಬಳದ ಪಕ್ಕದಲ್ಲಿಟ್ಟು ನೋಡಿ. ಸಂಬಳದಷ್ಟೇ ಬರಬೇಕೆಂದೇನಿಲ್ಲ, ಏಕೆಂದರೆ ಉಳಿದ ಆ 20 ನಿಮಿಷವನ್ನು ನೀವು ಹೇಗೂ ದುಡ್ಡಿಗೆ ಮಾರುತ್ತಿರಲಿಲ್ಲ. ನನ್ನ ಗೆರೆ ಅರ್ಧ ಸಂಬಳ. ಅದಕ್ಕಿಂತ ಕಡಿಮೆ ಬಂದರೆ ಟೋಲ್ ಕಟ್ಟುತ್ತೇನೆ. ಎಳೆ ಮಕ್ಕಳಿರುವ ಮನೆಯವರು ಗೆರೆಯನ್ನು ಇನ್ನೂ ಮೇಲೆ ಹಾಕಿಕೊಳ್ಳಬಹುದು, ಸಾಲ ತೀರಿಸುತ್ತಿರುವವರು ಕೆಳಕ್ಕೆ. ಅದು ಅವರವರ ಮನೆಯ ಮಾತು.

ಗಾಡಿಯ ಸವೆತವನ್ನು ಈ ಲೆಕ್ಕಕ್ಕೆ ಸೇರಿಸುವುದು ಕಷ್ಟ, ಆದರೆ ಬಿಡುವಂತೆಯೂ ಇಲ್ಲ. ಮೆಕ್ಯಾನಿಕ್‌ಗೆ ದುಡ್ಡು ಕೊಡುವುದು ಕಿಲೋಮೀಟರಿಗಲ್ಲ, ಎಷ್ಟು ಸಲ ಕ್ಲಚ್ ಒತ್ತಿದಿರಿ, ಎಷ್ಟು ಸಲ ಬ್ರೇಕ್ ಹಾಕಿದಿರಿ ಎಂಬುದಕ್ಕೆ. ನಿಂತಲ್ಲೇ ಓಡುವ ಎಂಜಿನ್ ಕೂಡ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಸುಡುತ್ತದೆ. ವಿದ್ಯುತ್ ಗಾಡಿಯವರಿಗೆ ಇಲ್ಲಿ ದೊಡ್ಡ ರಿಯಾಯಿತಿ ಇದೆ. ನಿಂತಾಗ ಮೋಟಾರು ಏನೂ ಕುಡಿಯುವುದಿಲ್ಲ, ಬ್ರೇಕ್ ಹಾಕಿದಾಗ ಒಂದಿಷ್ಟು ಶಕ್ತಿ ಬ್ಯಾಟರಿಗೆ ಮರಳುತ್ತದೆ, ಕ್ಲಚ್ ಎಂಬುದೇ ಇಲ್ಲ. ಅಂಥವರಿಗೆ ನಿಧಾನದ ಪುಕ್ಕಟೆ ರಸ್ತೆ ಲಾಭವಾಗುವ ಸಾಧ್ಯತೆ ಪೆಟ್ರೋಲ್ ಗಾಡಿಯವರಿಗಿಂತ ಹೆಚ್ಚು. ದ್ವಿಚಕ್ರದವರು ಲೆಕ್ಕಕ್ಕೆ ಕೂರುವ ಮುನ್ನ ತಮಗೆ ಟೋಲ್ ಇದೆಯೋ ಇಲ್ಲವೋ ನೋಡಿಕೊಳ್ಳಲಿ. ಎಷ್ಟೋ ಕಡೆ ಅವರಿಗೆ ಇರುವುದಿಲ್ಲ.

ಹಂತ 4: ದಾರಿ ಹುಡುಕಿ, ನಡೆಸಿ ನೋಡಿ

ಗೂಗಲ್ ಮ್ಯಾಪ್ಸ್, ಆಪಲ್ ಮ್ಯಾಪ್ಸ್, ವೇಜ್ ಮೂರರಲ್ಲೂ ಟೋಲ್ ಬಿಟ್ಟು ದಾರಿ ತೋರಿಸು ಎನ್ನುವ ಆಯ್ಕೆ ಇದೆ. ಅದನ್ನು ಒತ್ತಿ ಕೈಬಿಟ್ಟರೆ ಸಾಲದು.

ಈ ಆಯ್ಕೆ ಆನ್ ಆದರೆ ಆ್ಯಪ್ ಟೋಲ್ ಇರುವ ರಸ್ತೆಯನ್ನು ಬೆಂಕಿ ಕಂಡಂತೆ ದೂರ ಇಡುತ್ತದೆ. ಗೇಟಿನ ಮೊದಲು ಇಳಿದು ಆಮೇಲೆ ಹತ್ತಬಹುದಾದ ಕಡೆಯೂ ಕೆಲವು ಸಲ ಪೂರ್ತಿ ಬೇರೆ ದಿಕ್ಕಿಗೆ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಮದ್ದು, ನಡುವೆ ನಿಲ್ದಾಣ ಸೇರಿಸುವುದು. ಆಯ್ಕೆಯನ್ನು ಆಫ್ ಮಾಡಿ, ಗೇಟಿಗೆ ಮೊದಲಿನ ನಿರ್ಗಮನವನ್ನು ಒಂದು ನಿಲ್ದಾಣವಾಗಿ, ಗೇಟು ದಾಟಿದ ಮೇಲೆ ಹತ್ತುವ ಜಾಗವನ್ನು ಇನ್ನೊಂದು ನಿಲ್ದಾಣವಾಗಿ ಹಾಕಿ ನೋಡಿ. ಆಯ್ಕೆ ಆನ್ ಆಗಿಯೇ ಉಳಿದುಬಿಡುವುದೂ ಉಂಟು. ರಜೆಯಲ್ಲಿ ದೂರದ ಪ್ರಯಾಣ ಹೊರಟವರು, ಆ್ಯಪ್ ಯಾಕೆ ಹಳ್ಳಿ ಹಳ್ಳಿ ಸುತ್ತಿಸುತ್ತಿದೆ ಎಂದು ಅರ್ಧ ದಾರಿಯಲ್ಲಿ ತಲೆ ಕೆರೆದುಕೊಳ್ಳುವುದು ಇದರಿಂದಲೇ. ನಾನೂ ಕೆರೆದುಕೊಂಡಿದ್ದೇನೆ.

ಭಾನುವಾರ ಸಂಜೆ ಸೋಫಾದ ಮೇಲೆ ಕೂತು ದಾರಿ ಹೋಲಿಸಬೇಡಿ. ಆಗ ಎಲ್ಲ ದಾರಿಯೂ ಹಸಿರು. ಹೊರಡುವ ಹೊತ್ತನ್ನು ಮಂಗಳವಾರ ಬೆಳಗ್ಗೆ ಎಂದು ಹಾಕಿ ನೋಡಿದರೆ ಹಳೆಯ ಸಂಚಾರದ ಆಧಾರದ ಮೇಲೆ ಒಂದು ಅಂದಾಜು ಸಿಗುತ್ತದೆ. ಇಷ್ಟರಿಂದ ಇಷ್ಟು ನಿಮಿಷ ಎಂದು ತೋರಿಸಿದರೆ ದೊಡ್ಡ ಅಂಕಿಯನ್ನೇ ಹಿಡಿಯಿರಿ.

ಆ್ಯಪಿಗೆ ಗೊತ್ತಾಗದ ಸಂಗತಿಗಳು ಬಹಳ ಇವೆ. ಅದಕ್ಕೇ ಹೊಸ ದಾರಿಯನ್ನು ಮೊದಲ ಸಲ ಕೆಲಸದ ದಿನ ಹಿಡಿಯಬೇಡಿ. ರಜೆಯ ದಿನ ಒಮ್ಮೆ ಹಗಲಿನಲ್ಲಿ, ಒಮ್ಮೆ ಕತ್ತಲಾದ ಮೇಲೆ ಹೋಗಿ ಬನ್ನಿ. ನೋಡಬೇಕಾದ್ದು ಇವು. ದಾರಿಯಲ್ಲಿ ಶಾಲೆ ಇದೆಯೇ? ಇದ್ದರೆ ನೀವು ಹೋಗುವ ಹೊತ್ತಿಗೇ ಅದರ ಬಸ್ಸುಗಳೂ ಬರುತ್ತವೆ. ರೈಲ್ವೆ ಗೇಟ್ ಇದೆಯೇ? ಒಂದು ರೈಲು ನಿಮ್ಮ ಇಡೀ ಉಳಿತಾಯ ನುಂಗುತ್ತದೆ. ತಗ್ಗಿನ ಸೇತುವೆ, ಅಂಡರ್‌ಪಾಸ್ ಇದ್ದರೆ ಮಳೆಗಾಲಕ್ಕೆ ಬೇರೆ ದಾರಿ ಇಟ್ಟುಕೊಳ್ಳಲೇಬೇಕು. ಬೀದಿ ದೀಪವಿಲ್ಲದ ರಸ್ತೆಯಲ್ಲಿ ಬೆಳಗ್ಗೆ ಕಾಣುವ ಹೊಂಡ ಸಂಜೆ ಕಾಣುವುದಿಲ್ಲ. ಎದುರಿನ ವಾಹನಕ್ಕೆ ದಾರಿ ಬಿಡಲು ಎಷ್ಟು ಕಡೆ ನಿಲ್ಲಬೇಕು ಎಣಿಸಿ. ಗಾಡಿ ಕೆಟ್ಟರೆ ಫೋನಿಗೆ ಸಿಗ್ನಲ್ ಸಿಗುತ್ತದೆಯೇ ಎಂಬುದನ್ನೂ ನೋಡಿ, ಅದನ್ನು ಯಾರೂ ನೋಡುವುದಿಲ್ಲ.

ಇನ್ನೊಂದು ಮಾತು. ನಿಮಗೆ ಒಳದಾರಿಯಾದದ್ದು ಇನ್ನೊಬ್ಬರಿಗೆ ಮನೆಯ ಮುಂದಿನ ಬೀದಿ. ನ್ಯೂಯಾರ್ಕಿಗೆ ಹೋಗುವ ಜಾರ್ಜ್ ವಾಷಿಂಗ್ಟನ್ ಸೇತುವೆಯ ಬಳಿ ಲಿಯೋನಿಯಾ ಎಂಬ ಸಣ್ಣ ಊರಿದೆ. ಹೆದ್ದಾರಿಯ ಜಾಮ್ ತಪ್ಪಿಸಲು ಆ್ಯಪ್‌ಗಳು ಊರೊಳಗೆ ಕಾರುಗಳನ್ನು ಕಳಿಸತೊಡಗಿದಾಗ, 2018ರ ಜನವರಿಯಲ್ಲಿ ಆ ಊರಿನವರು ಬೆಳಗ್ಗೆ ಸಂಜೆ ಸುಮಾರು 60 ಬೀದಿಗಳನ್ನು ಹೊರಗಿನವರಿಗೆ ಮುಚ್ಚಿದರು. ಅದೇ ವರ್ಷ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು, ಆದರೆ ಊರಿನವರ ಸಿಟ್ಟು ಸುಳ್ಳಲ್ಲ. ಎಷ್ಟೋ ಕಡೆ ಹಂಪ್, ಏಕಮುಖ ಸಂಚಾರ, ನಿವಾಸಿಗಳಿಗೆ ಮಾತ್ರ ಎಂಬ ಫಲಕ ಬರುವುದು ಇಂಥ ಒಳನುಗ್ಗುವಿಕೆಗೆ ಉತ್ತರವಾಗಿಯೇ. ಹಾರ್ನ್ ಮಾಡದೆ, ವೇಗ ಇಳಿಸಿ ಹೋದರೆ ದಾರಿ ನಾಲ್ಕು ಕಾಲ ಉಳಿಯುತ್ತದೆ.

ಎಲ್ಲರೂ ತಂತಮ್ಮ ಅನುಕೂಲದ ದಾರಿ ಹಿಡಿದರೆ ಎಲ್ಲರಿಗೂ ಅನುಕೂಲವಾಗಬೇಕೆಂದೇನೂ ಇಲ್ಲ. ಹೊಸದಾಗಿ ಒಂದು ಅಡ್ಡದಾರಿ ತೆರೆದಾಗ ಎಲ್ಲರ ಪ್ರಯಾಣವೂ ಮೊದಲಿಗಿಂತ ಉದ್ದವಾಗಬಹುದು ಎಂದು ಜರ್ಮನಿಯ ಗಣಿತಜ್ಞ ಡೀಟ್ರಿಕ್ ಬ್ರೆಸ್ 1968ರಲ್ಲೇ ಲೆಕ್ಕ ಮಾಡಿ ತೋರಿಸಿದ್ದರು. ನಿಮ್ಮ ಗುಟ್ಟಿನ ದಾರಿಯನ್ನು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ ಇದು ನೆನಪಿರಲಿ.

ಹಂತ 5: ದಾರಿಯ ಬದಲು ಹೊತ್ತು ಬದಲಿಸಿ

ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ಅಗ್ಗದ ಉಪಾಯ. ಒಂದು ಕಿಲೋಮೀಟರ್ ಕೂಡ ಹೆಚ್ಚಾಗುವುದಿಲ್ಲ.

ಕೆಲವು ಕಡೆ ಹೊತ್ತು ಸರಿಸಿದರೆ ಟೋಲೇ ಇಲ್ಲ. ಇಂಗ್ಲೆಂಡಿನಲ್ಲಿ ಥೇಮ್ಸ್ ನದಿ ದಾಟಿಸುವ ಡಾರ್ಟ್‌ಫರ್ಡ್ ದಾಟುದಾರಿಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಶುಲ್ಕವಿಲ್ಲ. ಲಂಡನ್ನಿನ ವಲಯ ಶುಲ್ಕ ವಾರದ ದಿನಗಳಲ್ಲಿ ಬೆಳಗ್ಗೆ 7ಕ್ಕೆ ಶುರುವಾಗಿ ಸಂಜೆ 6ಕ್ಕೆ ನಿಲ್ಲುತ್ತದೆ. ನ್ಯೂಯಾರ್ಕಿನಲ್ಲಿ ವಾರದ ದಿನ ರಾತ್ರಿ 9ರಿಂದ ಬೆಳಗ್ಗೆ 5ರವರೆಗೆ ಹಗಲಿನ ದರದ ಕಾಲು ಭಾಗ. ಸ್ಟಾಕ್‌ಹೋಮಿನಲ್ಲಿ ದರ ಹೊತ್ತು ಹೊತ್ತಿಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ. ಇಂಥ ಕಡೆ ಗಡಿಯಾರದ ಒಂದೆರಡು ನಿಮಿಷಕ್ಕೂ ಬೆಲೆಯಿದೆ. ಆದರೆ 6 ಗಂಟೆಗೆ ಮುಗಿಯುವ ಪುಕ್ಕಟೆ ಅವಧಿಯನ್ನು ಹಿಡಿಯಲು 5:58ಕ್ಕೆ ತಲುಪುವಂತೆ ಹೊರಡಬೇಡಿ. ವೇಗ ಹೆಚ್ಚಿಸುವ ಚಪಲ ಬರುತ್ತದೆ, ಟೋಲಿಗಿಂತ ದಂಡ ದೊಡ್ಡದು. ಕಾಲು ಗಂಟೆ ಮೊದಲೇ ದಾಟುವಂತೆ ಇಟ್ಟುಕೊಳ್ಳಿ.

ನಿಮ್ಮ ಟೋಲಿಗೆ ಹೊತ್ತಿನ ಭೇದವಿಲ್ಲದಿದ್ದರೂ ಈ ಉಪಾಯ ನಡೆಯುತ್ತದೆ. ಬೆಳಗ್ಗೆ 6:30ಕ್ಕೆ ಹೊರಟರೆ ಪುಕ್ಕಟೆ ದಾರಿ 40 ನಿಮಿಷ, 8ಕ್ಕೆ ಹೊರಟರೆ ಅದೇ ದಾರಿ 70 ನಿಮಿಷ ಆಗಬಹುದು. 1996ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ರಸ್ತೆಯ ಇಕ್ಕಟ್ಟನ್ನು ವಿವರಿಸಿದ್ದು ಹೀಗೇ: ಬೇಗ ತಲುಪಿ ಸುಮ್ಮನೆ ಕೂರುವ ಬೇಸರ ಒಂದು ತಕ್ಕಡಿಯಲ್ಲಿ, ಸಾಲಿನಲ್ಲಿ ನಿಲ್ಲುವ ಬೇಸರ ಇನ್ನೊಂದರಲ್ಲಿ, ಪ್ರತಿಯೊಬ್ಬ ಚಾಲಕನೂ ಇವೆರಡನ್ನು ತೂಗಿಯೇ ಹೊರಡುತ್ತಾನೆ. ಬೇಗ ತಲುಪಿ ಉಳಿದ ಹೊತ್ತನ್ನು ಓದಿಗೋ ವ್ಯಾಯಾಮಕ್ಕೋ ಬಳಸುವಂತಾದರೆ ಮೊದಲ ತಕ್ಕಡಿ ಹಗುರಾಗಿಬಿಡುತ್ತದೆ.

ಇದಕ್ಕೆ ಆಫೀಸಿನವರ ಒಪ್ಪಿಗೆ ಬೇಕು. ಕೇಳುವಾಗ ಟೋಲಿನ ಕಥೆ ಹೇಳಬೇಡಿ, ಅದು ನಿಮ್ಮ ಖಾಸಗಿ ತೊಂದರೆ. ಎಂಟು ಗಂಟೆಗೇ ಬಂದು ಐದಕ್ಕೆ ಮುಗಿಸುತ್ತೇನೆ, ಒಂದು ತಿಂಗಳು ನೋಡಿ ಎಂದು ಕೇಳಿ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಸಿಕ್ಕರೆ ತಿಂಗಳ 44 ಓಟ ಸುಮಾರು 26ಕ್ಕೆ ಇಳಿಯುತ್ತದೆ. ಯಾವ ಒಳದಾರಿಯೂ ಅಷ್ಟು ಉಳಿಸಿಕೊಡುವುದಿಲ್ಲ.

ಹಂತ 6: ಗೇಟಿನ ಈಚೆಗೇ ಗಾಡಿ ನಿಲ್ಲಿಸಿ

ಮನೆಯಿಂದ ಆಫೀಸಿನವರೆಗೂ ಕಾರೇ ಬೇಕೆಂದೇನಿದೆ? ಟೋಲಿಗೆ ಮೊದಲು ಸಿಗುವ ರೈಲು ನಿಲ್ದಾಣ ಅಥವಾ ಬಸ್ ಟರ್ಮಿನಲ್‌ವರೆಗೆ ಗಾಡಿ, ಅಲ್ಲಿಂದ ಮುಂದೆ ರೈಲೋ ಬಸ್ಸೋ. ಆಕ್ಸ್‌ಫರ್ಡ್ ನಗರ 1973ರಿಂದಲೇ ಊರಂಚಿನಲ್ಲಿ ಕಾರು ನಿಲ್ಲಿಸಿ ಬಸ್ಸಿನಲ್ಲಿ ಒಳಗೆ ಹೋಗುವ ವ್ಯವಸ್ಥೆ ನಡೆಸುತ್ತಿದೆ. ವಲಯ ಶುಲ್ಕ ಇರುವ ಊರುಗಳಲ್ಲಂತೂ ಹೊತ್ತು ಬದಲಿಸಲಾಗದವರಿಗೆ ಇದೇ ಗತಿ.

ಪರೀಕ್ಷಿಸಬೇಕಾದ್ದು ಮೂರು. ಪಾರ್ಕಿಂಗ್ ಎಷ್ಟು ಹೊತ್ತಿಗೆ ತುಂಬುತ್ತದೆ? ಕೆಲವು ನಿಲ್ದಾಣಗಳಲ್ಲಿ ಏಳೂವರೆಗೆಲ್ಲ ಜಾಗವಿರುವುದಿಲ್ಲ. ರಾತ್ರಿ ಕೊನೆಯ ರೈಲು ಎಷ್ಟಕ್ಕೆ? ಕೆಲಸ ತಡವಾದ ಒಂದು ದಿನ ಟ್ಯಾಕ್ಸಿಗೆ ಕೊಟ್ಟರೆ ವಾರದ ಉಳಿತಾಯ ಹೋಯಿತು. ಇಳಿದ ಮೇಲೆ ಆಫೀಸಿಗೆ ಎಷ್ಟು ನಡಿಗೆ? ಹದಿನೈದು ನಿಮಿಷದವರೆಗೆ ಸರಿ, ಅದಕ್ಕಿಂತ ಹೆಚ್ಚಾದರೆ ಮಳೆಯಲ್ಲಿ ಮನಸ್ಸು ಬದಲಾಗುತ್ತದೆ. ಮಡಚುವ ಸೈಕಲ್ ಈ ಕೊನೆಯ ತುಂಡಿಗೆ ಚೆನ್ನಾಗಿ ಒದಗುತ್ತದೆ.

ರೈಲಿನ ಸಮಯ ಕಾರಿಗಿಂತ ಹತ್ತು ನಿಮಿಷ ಹೆಚ್ಚಿದ್ದರೂ ನಾನು ಅದನ್ನು ನಷ್ಟದ ಕಾಲಂಗೆ ಹಾಕುವುದಿಲ್ಲ. ಸ್ಟೀರಿಂಗ್ ಹಿಡಿದ 50 ನಿಮಿಷದಲ್ಲಿ ನಿದ್ದೆ ಮಾಡಲಾಗದು.

ಹಂತ 7: ಒಂದೇ ಗಾಡಿ, ಮೂವರು

ಟೋಲ್ ಗಾಡಿಗೆ, ತಲೆಗಲ್ಲ. ಮೂವರು ಸೇರಿದರೆ ಟೋಲ್ ಮೂರರಲ್ಲಿ ಒಂದು ಪಾಲಾಗುತ್ತದೆ, ಇಂಧನವೂ ಹಾಗೇ. ಒಳದಾರಿಯ ಹಂಪ್ ಹಾರುವ ಅಗತ್ಯವೇ ಬೀಳುವುದಿಲ್ಲ. ಕೆಲವು ಎಕ್ಸ್‌ಪ್ರೆಸ್ ಲೇನ್‌ಗಳಲ್ಲಿ ಇಬ್ಬರು ಅಥವಾ ಮೂವರಿದ್ದರೆ ಶುಲ್ಕ ಕಡಿಮೆ, ಇಲ್ಲವೇ ಪೂರ್ತಿ ಮಾಫಿ. ವಾಷಿಂಗ್ಟನ್ ನಗರದ ಹೊರವಲಯದಲ್ಲಿ 1970ರ ದಶಕದಿಂದ ಇದು ಒಂದು ಪದ್ಧತಿಯೇ ಆಗಿದೆ. ಅಪರಿಚಿತರು ಗೊತ್ತಾದ ಜಾಗದಲ್ಲಿ ಸಾಲು ನಿಲ್ಲುತ್ತಾರೆ, ಒಂಟಿ ಚಾಲಕ ಇಬ್ಬರನ್ನು ಹತ್ತಿಸಿಕೊಂಡು ಹೆಚ್ಚು ಜನರಿರುವ ಗಾಡಿಗಳ ಲೇನಿಗೆ ಸೇರುತ್ತಾನೆ. ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ.

ಗೆಳೆತನ ಕೆಡುವುದು ಲೆಕ್ಕ ಬಾಯಿಮಾತಿನಲ್ಲಿದ್ದಾಗ. ಮೊದಲ ದಿನವೇ ಮಾತಾಡಿಕೊಳ್ಳಿ: ಎಷ್ಟು ನಿಮಿಷ ಕಾಯುವುದು (ನಮ್ಮಲ್ಲಿ ನಾಲ್ಕು), ಬಾರದ ದಿನ ಎಷ್ಟು ಹೊತ್ತಿಗೆ ತಿಳಿಸುವುದು, ಫೋನಿನಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡುವುದು. ಕೊನೆಯದನ್ನು ನಗಬೇಡಿ, ನಮ್ಮ ಮೊದಲ ಗುಂಪು ಒಡೆದದ್ದು ಅದಕ್ಕೇ. ದುಡ್ಡು ಹಂಚುವುದಕ್ಕಿಂತ ವಾರಕ್ಕೊಬ್ಬರ ಗಾಡಿ ಎಂಬ ಸರದಿ ಸಲೀಸು. ಖರ್ಚು ಹಂಚಿಕೊಳ್ಳುವುದಕ್ಕೂ ಬಾಡಿಗೆ ಹೊಡೆಯುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿರುವುದರಿಂದ, ಕಾಸು ಪಡೆಯುವವರು ವಿಮೆಯ ಷರತ್ತು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಹಂತ 8: ಕಟ್ಟಲೇಬೇಕಾದರೆ ಕಡಿಮೆ ಕಟ್ಟಿ

ಟೋಲ್ ನಡೆಸುವವರ ಜಾಲತಾಣದಲ್ಲಿ ದರಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಲು ಅರ್ಧ ಗಂಟೆ ಕೊಡಿ. ತಿಂಗಳ ಪಾಸ್, ಹತ್ತಿರದ ನಿವಾಸಿಗಳಿಗೆ ರಿಯಾಯಿತಿ, ಒಂದೇ ದಿನ ಹೋಗಿ ಬಂದರೆ ಸೋಡಿ, ಟ್ಯಾಗ್ ಇದ್ದವರಿಗೆ ಕಡಿಮೆ ದರ, ಇವುಗಳಲ್ಲಿ ಒಂದಾದರೂ ಎಷ್ಟೋ ಕಡೆ ಇರುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 60 ನಿಮಿಷದೊಳಗೆ ಹಲವು ಶುಲ್ಕ ಕೇಂದ್ರ ದಾಟಿದರೂ ಒಂದಕ್ಕೇ, ಅದರಲ್ಲಿ ಹೆಚ್ಚಿನದಕ್ಕೆ, ಕಟ್ಟಿದರಾಯಿತು. ಅಂಥ ಊರಿನಲ್ಲಿ ಎರಡನೇ ಕೇಂದ್ರ ತಪ್ಪಿಸಲು ಸುತ್ತು ಹಾಕುವವನು ಸುಮ್ಮನೆ ಪೆಟ್ರೋಲ್ ಸುಡುತ್ತಾನೆ. ಪಾಸ್ ಕೊಳ್ಳುವ ಮುನ್ನ ಎಷ್ಟು ಓಟಕ್ಕೆ ಅದರ ಬೆಲೆ ತೀರುತ್ತದೆ ಎಂದು ಭಾಗಿಸಿ ನೋಡಿ. ರಜೆ, ಹಬ್ಬ, ಮನೆಯಿಂದ ಕೆಲಸ ಎಲ್ಲ ಕಳೆದ ಮೇಲೆ ಉಳಿಯುವ ಓಟಗಳನ್ನೇ ಲೆಕ್ಕಕ್ಕೆ ಹಿಡಿಯಿರಿ.

ತಿಂಗಳಿಗೊಮ್ಮೆ ಟ್ಯಾಗ್ ಖಾತೆಯ ಪಟ್ಟಿ ತೆರೆದು ನೋಡಿ. ನನಗೆ ಒಮ್ಮೆ ಮನೆಯಲ್ಲೇ ಇದ್ದ ದಿನದ ಟೋಲ್ ಕಡಿತವಾಗಿತ್ತು. ದೂರು ಕೊಟ್ಟ ಮೇಲೆ ಮರಳಿತು, ನೋಡದೇ ಇದ್ದಿದ್ದರೆ ಮರಳುತ್ತಿರಲಿಲ್ಲ. ಕೆಲಸದ ಮೇಲೆ ಹೊರಗೆ ಹೋದಾಗ ಕಟ್ಟಿದ ಟೋಲನ್ನು ಕಂಪನಿಯಿಂದ ಕೇಳಿ ಪಡೆಯಿರಿ.

ನಂಬರ್ ಪ್ಲೇಟಿಗೆ ಮಸಿ ಬಳಿಯುವುದು, ಮುಂದಿನ ಗಾಡಿಗೆ ಅಂಟಿಕೊಂಡು ಗೇಟು ದಾಟುವುದು, ಬೇರೆಯವರ ಪಾಸ್ ಬಳಸುವುದು, ಇವುಗಳ ಬಗ್ಗೆ ಹೇಳಲು ಏನೂ ಇಲ್ಲ. ಅದು ಟೋಲ್ ತಪ್ಪಿಸುವುದಲ್ಲ, ಕದಿಯುವುದು. ಕ್ಯಾಮೆರಾಗಳೂ ಈಗ ಹಿಂದಿನಂತಿಲ್ಲ.

ಹಂತ 9: ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ

ಪುಕ್ಕಟೆ ದಾರಿ ಪುಕ್ಕಟೆಯಾಗಿಯೇ ಇರುತ್ತದೆಂಬ ಭರವಸೆಯಿಲ್ಲ. ಲಂಡನ್ನಿನಲ್ಲಿ 2025ರ ಏಪ್ರಿಲ್‌ನಲ್ಲಿ ಸಿಲ್ವರ್‌ಟೌನ್ ಸುರಂಗ ತೆರೆದಾಗ ಅದಕ್ಕೆ ಮಾತ್ರವಲ್ಲ, ಅಷ್ಟು ವರ್ಷ ಬಿಟ್ಟಿಯಾಗಿದ್ದ ಪಕ್ಕದ ಬ್ಲ್ಯಾಕ್‌ವಾಲ್ ಸುರಂಗಕ್ಕೂ ಅದೇ ದಿನದಿಂದ ಶುಲ್ಕ ಬಂತು. ಹೊಸದಕ್ಕೆ ಮಾತ್ರ ಕಾಸು ಕೇಳಿದರೆ ಎಲ್ಲರೂ ಹಳೆಯದಕ್ಕೇ ನುಗ್ಗುತ್ತಾರೆಂದು ಅವರಿಗೂ ಗೊತ್ತು. ಇನ್ನು ಶಾಲೆ ಶುರುವಾಗುವ ತಿಂಗಳು, ಮಳೆಗಾಲ, ಹೊಸ ವಸತಿ ಬಡಾವಣೆ, ರಸ್ತೆ ಅಗೆತ, ಇವುಗಳಲ್ಲಿ ಯಾವುದು ಬಂದರೂ ಹಳೆಯ ಅಂಕಿ ಕೆಲಸಕ್ಕೆ ಬಾರದು. ಎರಡು ವಾರ ಬೇಡ, ಒಂದೊಂದು ದಾರಿಗೆ ಎರಡೆರಡು ದಿನ ಬರೆದರೆ ಸಾಕು.

ನನ್ನ ಈಗಿನ ವೇಳಾಪಟ್ಟಿ ಹೇಳುತ್ತೇನೆ, ಮಾದರಿಯೆಂದಲ್ಲ. ಸೋಮವಾರ ಮತ್ತು ಶುಕ್ರವಾರ ಆರೂವರೆಗೇ ಹೊರಟು ಅದೇ ಹಳ್ಳಿಯ ದಾರಿ, ಆ ಹೊತ್ತಿಗೆ ಅದು ಖಾಲಿ. ಮಂಗಳವಾರ, ಗುರುವಾರ ಮೂವರು ಸೇರಿ ಟೋಲ್ ದಾರಿ. ಬುಧವಾರ ರೈಲು. ಸಂಜೆ ಒಬ್ಬನೇ ಬರುವಾಗ ಮಳೆ ಇದ್ದರೆ ಯೋಚಿಸದೆ ಟೋಲ್ ಕಟ್ಟುತ್ತೇನೆ. ಕಳೆದ ತಿಂಗಳು ಆ ಹಳ್ಳಿಯಲ್ಲಿ ಹನ್ನೆರಡನೇ ಹಂಪ್ ಹಾಕಿದ್ದಾರೆ. ಪುಸ್ತಕ ಮತ್ತೆ ಗಾಡಿಗೆ ಬಂದಿದೆ.